ಸಸಿಗೆ ಸುತ್ತಿದ ತಾಮ್ರ

ಸುಟ್ಟ ಮೋಟರಿನ ವಾಸನೆ ಬಂದರೆ ಲೋಕವೆಲ್ಲ ಮೂಗು ಮುಚ್ಚಿಕೊಳ್ಳುತ್ತದೆ. ಸುರುಳಿ ಮೇಸ್ತ್ರಿ ಮಾತ್ರ ಮೂಗರಳಿಸಿ, "ಇದು ನೀರಿನ ಪಂಪು, ರಾತ್ರಿಯೆಲ್ಲ ಆಫ್ ಮಾಡೋದು ಮರೆತಿದಾರೆ" ಎಂದು ಗಿರಾಕಿ ಬಾಯಿ ತೆರೆಯುವ ಮೊದಲೇ ಹೇಳಿಬಿಡುತ್ತಾನೆ. ಬೀದಿಯ ಮೂಲೆಯಲ್ಲಿ, ಬೇಕರಿಯ ಎದುರಿಗೆ, ಅರ್ಧ ಎತ್ತಿದ ಶಟರಿನ ಕೆಳಗೆ ಅವನ ಅಂಗಡಿ. ಪಂಪೋ ಫ್ಯಾನೋ ಹಿಟ್ಟು ನಾದುವ ಯಂತ್ರವೋ, ಒಳಗಿನ ತಾಮ್ರದ ತಂತಿ ಸುಟ್ಟು ಕಪ್ಪಾಗಿ ಬಂದದ್ದನ್ನು ಕಿತ್ತು, ಹೊಸ ತಂತಿ ಸುತ್ತಿ, ಮತ್ತೆ ತಿರುಗುವಂತೆ ಮಾಡುವುದು ಅವನ ಕಸುಬು. ಹೆಸರು ಬೇರೆ ಏನೋ ಇದೆ. ಆದರೆ ಆ ಹೆಸರಿನಲ್ಲಿ ಕೇಳಿದರೆ ಬೀದಿಯಲ್ಲಿ ಯಾರೂ ದಾರಿ ತೋರಿಸುವುದಿಲ್ಲ.

ಕೈ ಎಷ್ಟು ಚುರುಕೋ ಬಾಯಿ ಅಷ್ಟೇ ಮಂದ. ಮನಸ್ಸಿನಲ್ಲಿದ್ದದ್ದು ಗಂಟಲಿಗೆ ಬರುವಷ್ಟರಲ್ಲಿ ಎಲ್ಲೋ ಶಾರ್ಟ್ ಆಗಿ ಕೈಗೆ ಇಳಿದುಬಿಡುತ್ತದೆ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಏನಾದರೂ ಪ್ರೀತಿಯ ಮಾತು ಹೇಳಬೇಕೆನ್ನಿಸಿತಂತೆ. ಮೂರು ದಿನ ಒದ್ದಾಡಿ, ನಾಲ್ಕನೆಯ ದಿನ ಅವಳ ಮಿಕ್ಸಿಯನ್ನು ಬಿಚ್ಚಿ ಮೋಟರಿಗೆ ಹೊಸ ತಂತಿ ಸುತ್ತಿಕೊಟ್ಟ. ಮಿಕ್ಸಿ ಕೆಟ್ಟಿರಲೇ ಇಲ್ಲ. ಹೆಂಡತಿ ಪಕ್ಕದ ಬೀದಿಯ ಶಿಶುವಿಹಾರದಲ್ಲಿ ಟೀಚರು, ಮಾತು ಬಾರದ ಮಕ್ಕಳ ಮನಸ್ಸು ಓದಿ ಅಭ್ಯಾಸವಿದ್ದವಳು. ಅವಳಿಗೆ ಅರ್ಥವಾಯಿತು. ಬೇರೆ ಯಾರಾದರೂ ಆಗಿದ್ದರೆ ಮಿಕ್ಸಿ ಎತ್ತಿ ತಲೆಗೆ ಹಾಕುತ್ತಿದ್ದರು.

ಈ ಮೇಸ್ತ್ರಿಗೆ ಭಯವೆಂಬುದು ಇದ್ದದ್ದು ಎರಡಕ್ಕೆ. ಒಂದು ಮೂರು ಫೇಸಿನ ಕರೆಂಟು, ಇನ್ನೊಂದು ಅಕ್ಕ.

ಅಕ್ಕ ಬಸ್ ಕಂಡಕ್ಟರ್ ಆಗಿದ್ದವಳು. ಅವಳು ಬಾಗಿಲಲ್ಲಿ ನಿಂತು "ಒಳಗೆ ಹೋಗ್ರೀ, ಒಳಗೆ ಜಾಗ ಇದೆ!" ಎಂದರೆ, ಬಸ್ಸಿನೊಳಗೆ ಇಲ್ಲದ ಜಾಗವೂ ಹುಟ್ಟಿಕೊಳ್ಳುತ್ತಿತ್ತು. ತಂದೆ ತಾಯಿ ಒಬ್ಬರ ಹಿಂದೊಬ್ಬರು ಹೋದಾಗ ತಮ್ಮನಿಗಿನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅವಳಿಗೇ ಆಗ ಮದುವೆಯ ವಯಸ್ಸು. ಆ ಸುದ್ದಿಯನ್ನೇ ಎತ್ತದೆ ಕೊರಳಿಗೆ ಚರ್ಮದ ಚೀಲ ಹಾಕಿಕೊಂಡು ಬಸ್ಸು ಹತ್ತಿದಳು. ತಮ್ಮ ಶಾಲೆಯಲ್ಲಿ ಅಷ್ಟಕ್ಕಷ್ಟೇ ಎಂದು ಗೊತ್ತಾದಾಗ, ತನ್ನ ದಾರಿಯಲ್ಲೇ ಇದ್ದ ಒಬ್ಬ ಮುದುಕ ಮೇಸ್ತ್ರಿಯ ಮೋಟರ್ ಅಂಗಡಿಗೆ ಸೇರಿಸಿದಳು. ಅಂಗಡಿಯ ಮುಂದೆಯೇ ಸ್ಟಾಪು. ಪ್ರತಿ ಟ್ರಿಪ್ಪಿಗೂ ಬಸ್ಸಿನ ಬಾಗಿಲಿಂದ ಅರ್ಧ ಮೈ ಹೊರಗೆ ಚಾಚಿ, "ಪುಟ್ಟಾ, ಊಟ ಆಯ್ತೇನೋ?" ಎಂದು ಕೂಗುವಳು. ಅವನು "ಆಯ್ತು" ಎನ್ನುವವರೆಗೆ ಸೀಟಿ ಊದುತ್ತಿರಲಿಲ್ಲ. ಬಸ್ಸಿನಲ್ಲಿದ್ದವರು ತಡವಾಯಿತೆಂದು ಗೊಣಗಿದರೆ, "ನಿಮ್ಮನೇಲಿ ತಮ್ಮಂದಿರಿಲ್ವಾ?" ಎಂದು ಬಾಯಿ ಮುಚ್ಚಿಸುವಳು. ಕೊನೆಕೊನೆಗೆ ಕಿಟಕಿ ಪಕ್ಕದ ಪ್ರಯಾಣಿಕರೇ ಅವನನ್ನು ಊಟ ಆಯಿತಾ ಎಂದು ಕೇಳತೊಡಗಿದರು.

ಸಂಜೆ ಡ್ಯೂಟಿ ಮುಗಿಸಿ ಬಂದ ಮೇಲೆ ಅಕ್ಕ ತಮ್ಮ ಇಬ್ಬರೂ ಒಂದೇ ಬಲ್ಬಿನ ಕೆಳಗೆ ಕೂರುತ್ತಿದ್ದರು. ಅವನು ಮರದ ಅಚ್ಚಿಗೆ ತಂತಿ ಸುತ್ತಿ ಅಭ್ಯಾಸ ಮಾಡುವನು, ಅವಳು ಜನ ಎಣಿಸುವ ಧಾಟಿಯಲ್ಲೇ ಸುತ್ತು ಎಣಿಸುವಳು. ತುದಿ ಕೆರೆಯುವ ಕೆಲಸವೂ ಅವಳದೇ. ಮೋಟರಿಗೆ ಸುತ್ತುವ ತಂತಿ ಕಣ್ಣಿಗೆ ಬರೀ ತಾಮ್ರದಂತೆ ಕಂಡರೂ ಮೈತುಂಬ ಕಾಣದಷ್ಟು ತೆಳುವಾದ ಎನಾಮಲ್ ಹೊದ್ದಿರುತ್ತದೆ. ಅದಿಲ್ಲದಿದ್ದರೆ ಒಂದು ಸುತ್ತು ಇನ್ನೊಂದಕ್ಕೆ ತಾಗಿ ಮೋಟರು ಸುಟ್ಟೀತು. ಎರಡು ತುದಿ ಸೇರಿಸುವ ಕಡೆ ಮಾತ್ರ ಅದನ್ನು ಸ್ಯಾಂಡ್‌ಪೇಪರಿನಿಂದ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಕರೆಂಟು ದಾಟುವುದಿಲ್ಲ. "ಕೆರೆಯದ ತುದಿ, ಕೇಳದ ಕಿವಿ, ಎರಡೂ ಒಂದೇ" ಎಂದು ಮುದುಕ ಮೇಸ್ತ್ರಿ ದಿನಕ್ಕೊಮ್ಮೆ ಹೇಳುತ್ತಿದ್ದ. ಅಕ್ಕ ಅದನ್ನು ತಮ್ಮನಿಗೆ ದಿನಕ್ಕೆ ಎರಡು ಸಲ ಹೇಳುತ್ತಿದ್ದಳು.

ಈಗ ಅವಳಿಗೆ ರಿಟೈರ್ ಆಯಿತು. ಡಿಪೋದವರು ಕೊಟ್ಟಿದ್ದ ಕೋಣೆಯನ್ನು ಬಿಡಬೇಕಾಯಿತು. ಒಂದು ತಗಡಿನ ಟ್ರಂಕು ಹಿಡಿದುಕೊಂಡು ತಮ್ಮನ ಮನೆಗೆ, ಅಂದರೆ ಅಂಗಡಿಯ ಹಿಂದಿನ ಎರಡು ಕೋಣೆ ಮತ್ತು ಮೇಲಿನ ಒಂದು ಕೋಣೆಗೆ ಬಂದಳು. ಮೇಸ್ತ್ರಿ ಮೇಲಿನ ಕೋಣೆಯಲ್ಲಿದ್ದ ಹಳೆಯ ಮೋಟರುಗಳನ್ನೆಲ್ಲ ಇಳಿಸಿ, ಸುಣ್ಣ ಹೊಡೆಸಿ, ಫ್ಯಾನಿಗೆ ಹೊಸ ತಂತಿ ಸುತ್ತಿ ಕಾದಿದ್ದ. ಆದರೆ ಅಕ್ಕ ಟ್ರಂಕು ಖಾಲಿ ಮಾಡಲೇ ಇಲ್ಲ. ಬಟ್ಟೆ ಬೇಕಾದಾಗ ತೆಗೆಯುವಳು, ಒಗೆದು ಒಣಗಿದ ಮೇಲೆ ಮಡಿಸಿ ಮತ್ತೆ ಅದರಲ್ಲೇ ಇಡುವಳು. ಗೋಡೆಯ ಬೀರು ಖಾಲಿ ಬಾಯಿ ಬಿಟ್ಟುಕೊಂಡು ನಿಂತಿತ್ತು.

"ಇಲ್ಲಿ ನಂಗೇನೋ ಕೆಲಸ?" ಎಂದಳು ಒಂದು ದಿನ. "ಮನೆ ನಿನ್ ಹೆಂಡ್ತಿ ನೋಡ್ಕೋತಾಳೆ, ಅಂಗಡಿ ನೀನು ನೋಡ್ಕೋತೀಯ. ನಾನು ಸ್ಪೇರ್ ಟೈರು. ನನ್ ಜೊತೆ ಕಂಡಕ್ಟರ್ ಆಗಿದ್ದ ಗೆಳತಿ ಊರಲ್ಲಿ ಇದಾಳಲ್ಲ, ಅವಳೂ ಒಬ್ಬಳೇ. ಬಾ ಬಾ ಅಂತಿದಾಳೆ."

ಮೇಸ್ತ್ರಿ 'ಹೋಗಬೇಡ, ಇರು' ಎನ್ನಲು ಬಾಯಿ ತೆರೆದ. "ಫ್ಯಾನು ಸರಿಯಾಗಿ ತಿರುಗ್ತಿದೆಯಾ?" ಎಂದು ಕೇಳಿ ಮುಚ್ಚಿದ.

ಕೆಲಸ ಹುಡುಕಿಕೊಟ್ಟವಳು ಹೆಂಡತಿ. ಹಿತ್ತಲೆಂದರೆ ಬಟ್ಟೆ ಒಗೆಯುವ ಕಲ್ಲಿಗೂ ಕಾಂಪೌಂಡಿಗೂ ನಡುವಿನ ಜಾಗ, ನಾಲ್ಕು ಜನ ನಿಂತರೆ ಐದನೆಯವರು ಗೋಡೆ ಹತ್ತಬೇಕು. ಅಲ್ಲಿ ಬಣ್ಣದ ಡಬ್ಬಿ, ಒಡೆದ ಬಕೆಟ್ಟು, ವಾರ್ನಿಷ್ ಡ್ರಮ್ಮುಗಳಿಗೆ ಮಣ್ಣು ತುಂಬಿಸಿ, "ಅಕ್ಕಾ, ಇದೆಲ್ಲ ನಿಮ್ಮ ವಶ" ಎಂದಳು. ಮದುವೆಯಾಗಿ ಬಂದಾಗಿನಿಂದ ಅವಳೂ ಅಕ್ಕ ಎಂದೇ ಕರೆಯುವುದು. ಅಕ್ಕ ಸೌತೆ, ಬೀನ್ಸು, ಎಲೆಕೋಸಿನ ಬೀಜ ಹಾಕಿದಳು. ಮಳೆಗಾಲದ ಮೊದಲ ಹನಿಗಳು ಬಿದ್ದಿದ್ದವು. ವಾರದೊಳಗೆ ಡಬ್ಬಿಡಬ್ಬಿಯಲ್ಲೂ ಜೋಡಿ ಎಲೆ ಮೂಡಿದವು. ಅಕ್ಕ ಬೆಳಿಗ್ಗೆ ಎದ್ದವಳು ಮುಖವನ್ನೂ ತೊಳೆಯದೆ ಹಿತ್ತಲಿಗೆ ಹೋಗಿ ತಲೆ ಎಣಿಸುವಳು. "ಎಲ್ಲಾ ಹತ್ತಿದಾರೆ, ರೈಟ್!" ಎಂದು ಅವಳು ಕೂಗಿದ ದಿನ ಮೇಸ್ತ್ರಿ ಅಂಗಡಿಯಲ್ಲಿ ಕುಳಿತು ಒಬ್ಬನೇ ನಕ್ಕ.

ನಗು ಬಹಳ ದಿನ ಬಾಳಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಬೀನ್ಸಿನ ಸಾಲಿಗೆ ಸಾಲೇ ಮೊಂಡು. ಎಲೆಯಿದ್ದ ಕಡೆ ಬರೀ ಕಡ್ಡಿ, ಡಬ್ಬಿಯ ಮೇಲೆಲ್ಲ ಅಂಟಂಟಾದ ಬೆಳ್ಳಿ ಗೆರೆ. ಸಿಂಬಳದ ಹುಳು! ಬಸವನಹುಳುವಿಗೆ ಬೆನ್ನ ಮೇಲೊಂದು ಮನೆಯಾದರೂ ಇದೆ. ಇದು ಮನೆ ಮಠ ಇಲ್ಲದ ಅದರ ದಾಯಾದಿ. ಹಗಲೆಲ್ಲ ಒದ್ದೆ ಕಲ್ಲಿನ ಸಂದಿಯಲ್ಲಿ ಮಲಗಿದ್ದು ಕತ್ತಲಾದ ಮೇಲೆ ಊಟಕ್ಕೆ ಹೊರಡುತ್ತದೆ. ಬಲಿತ ಗಿಡದ ತಂಟೆಗೆ ಹೋಗುವುದು ಕಡಿಮೆ. ನಿನ್ನೆ ಮೊನ್ನೆ ಕಣ್ಣು ಬಿಟ್ಟ ಎಳೆ ಸಸಿಯೇ ಅದಕ್ಕೆ ಬೇಕು. ಹುಳವೇ ಆದರೂ ರುಚಿ ಗೊತ್ತು.

ಅಕ್ಕ ಒಲೆಯ ಬೂದಿ ತಂದು ಸುತ್ತ ಚೆಲ್ಲಿದಳು, ಮಳೆ ಬಂದು ಬೂದಿ ಗಂಜಿಯಾಯಿತು. ಎದುರಿನ ಬೇಕರಿಯವನು ಒಂದು ಚೀಲ ಮೊಟ್ಟೆ ಸಿಪ್ಪೆ ಕೊಟ್ಟ. ಚೂಪು ಸಿಪ್ಪೆಯ ಮೇಲೆ ಹುಳು ಹರಿಯುವುದಿಲ್ಲವೆಂದು ಅವನ ಅಂಬೋಣ. ಹುಳುಗಳು ಸಿಪ್ಪೆಯ ಮೇಲೆ ಹರಿದು ಬಂದು ಕೋಸು ತಿಂದು, ಅದೇ ಸಿಪ್ಪೆಯ ಕೆಳಗೆ ಮಲಗಿದವು. ಉಪ್ಪು ಸುರಿಯೋಣವೆಂದರೆ, "ಹುಳು ಸಾಯೋ ಮೊದಲು ಸಸಿ ಸಾಯುತ್ತೆ" ಎಂದು ಹೆಂಡತಿ ತಡೆದಳು. ಉಳಿದದ್ದು ಬಕೆಟ್ಟಿನಲ್ಲಿದ್ದ ಒಂದಿಷ್ಟು ಸೌತೆ, ಡಬ್ಬಿಗಳಲ್ಲಿದ್ದ ಒಂದಿಷ್ಟು ಕೋಸು.

ಆ ಸಂಜೆ ಅಕ್ಕ ಒಗೆಯುವ ಕಲ್ಲಿನ ಮೇಲೆ ಕುಳಿತು, ನಿಲ್ದಾಣದ ಹೆಸರು ಹೇಳುವಷ್ಟೇ ಸಲೀಸಾಗಿ ಹೇಳಿದಳು: "ನೋಡು ಪುಟ್ಟ, ಇವು ಉಳಿದ್ರೆ ನಾನೂ ಇಲ್ಲೇ ಉಳೀತೀನಿ. ಇವೂ ಹೋದ್ವು ಅಂದ್ರೆ, ಇಲ್ಲಿ ನನ್ ಕೈಯಲ್ಲಿ ಏನೂ ಆಗಲ್ಲ ಅಂತ ತಿಳ್ಕೊಂಡು ಗೆಳತಿ ಊರಿಗೆ ಹೋಗ್ತೀನಿ. ಸುಮ್ನೆ ಕೂತು ತಿನ್ನೋ ಜೀವ ಅಲ್ಲ ನಂದು."

ಮಾತು ತಮಾಷೆಯದಲ್ಲ ಎಂದು ಮೇಸ್ತ್ರಿಗೆ ಗೊತ್ತಿತ್ತು. ಅಕ್ಕ ಜೀವಮಾನದಲ್ಲಿ ಒಮ್ಮೆ ಸೀಟಿ ಊದಿದ ಮೇಲೆ ಬಸ್ಸು ನಿಲ್ಲಿಸಿದವಳಲ್ಲ.

ಮಾರನೆಯ ದಿನ ಬೇಕರಿಯವನು ಹೊಸ ಸುದ್ದಿ ತಂದ. "ಮೇಸ್ತ್ರಿ, ತಾಮ್ರ ಕಂಡ್ರೆ ಆ ಹುಳಕ್ಕೆ ಆಗಲ್ವಂತೆ! ಮೈ ತಾಗಿದ್ರೆ ಶಾಕ್ ಹೊಡೆದ ಹಾಗಾಗುತ್ತಂತೆ. ಕುಂಡದ ಸುತ್ತ ಒಂದು ಪಟ್ಟಿ ಕಟ್ಟಿದ್ರೆ ಸಾಕಂತೆ."

ಮೇಸ್ತ್ರಿಗೆ ಕುರುಡನಿಗೆ ಕಣ್ಣು ಬಂದಷ್ಟು ಸಂತೋಷವಾಯಿತು. ಬೂದಿ, ಮೊಟ್ಟೆ, ಉಪ್ಪು ಇವೆಲ್ಲ ಕಂಡವರ ಕಸುಬು. ತಾಮ್ರ, ಶಾಕ್ ಎಂದರೆ ಅದು ಅವನ ಇಲಾಖೆ! ಆ ದಿನ ಗಿರಾಕಿಗಳ ಮೋಟರುಗಳನ್ನು ಮೂಲೆಗೆ ತಳ್ಳಿ, ಕಪಾಟಿನಲ್ಲಿದ್ದ ಅತ್ಯುತ್ತಮ ತಂತಿಯ ಹೊಚ್ಚಹೊಸ ರೀಲು ಬಿಚ್ಚಿ ಕುಳಿತ. ಒಂದೊಂದು ಡಬ್ಬಿಯನ್ನೂ ತೊಡೆಯ ಮೇಲಿಟ್ಟುಕೊಂಡು, ಒಂದು ಸುತ್ತಿನ ಮೇಲೆ ಇನ್ನೊಂದು ಏರದಂತೆ, ನಡುವೆ ಕೂದಲೆಳೆಯಷ್ಟೂ ಸಂದಿಲ್ಲದಂತೆ, ಅಂಗೈ ಅಗಲದ ಪಟ್ಟಿ ಸುತ್ತಿದ. ಮೋಟರಿಗೆ ಕಟ್ಟುವ ಹತ್ತಿಯ ಟೇಪಿನಿಂದ ಬಿಗಿದ. ಮಳೆಗೆ ಕೆಡಬಾರದೆಂದು ಮೇಲೊಂದು ಕೋಟು ವಾರ್ನಿಷ್ ಬೇರೆ ಹೊಡೆದ. ಸಂಜೆಗೆ ಹಿತ್ತಲಿನಲ್ಲಿ ಡಬ್ಬಿ ಬಕೆಟ್ಟುಗಳೆಲ್ಲ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡ ಪೊಲೀಸರ ಹಾಗೆ ಸಾಲಾಗಿ ನಿಂತಿದ್ದವು. ಬೀದಿಯವರು ಬಂದು ನೋಡಿ ಹೊಗಳಿದರು. ಅಕ್ಕ ಪಟ್ಟಿಯೊಂದರ ಮೇಲೆ ಬೆರಳಾಡಿಸಿ, "ಕೈ ಚೆನ್ನಾಗಿ ಕೂತಿದೆ ಕಣೋ" ಎಂದಳು. ಅವಳಿಂದ ಅಷ್ಟು ಬಂದರೆ ಅದೇ ಪದಕ.

ಬೆಳಿಗ್ಗೆ ಎದ್ದು ನೋಡಿದರೆ ಮೂರು ಕೋಸಿನ ಸಸಿ ಮಾಯ. ಬೆಳ್ಳಿ ಗೆರೆ ನೆಲದಿಂದ ಹೊರಟು, ತಾಮ್ರದ ಪಟ್ಟಿಯ ನಟ್ಟನಡುವೆ ಹಾದು, ಮೇಲೇರಿತ್ತು. ಸುತ್ತು ಬಳಸಿ ಕೂಡ ಬಂದಿರಲಿಲ್ಲ. ನೆಟ್ಟಗೆ, ರಾಜಮಾರ್ಗದಲ್ಲಿ ಬಂದ ಹಾಗೆ.

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ತಾಮ್ರದ ಕಥೆಯೇ ಸುಳ್ಳು ಎಂದು ಬೇಕರಿಯವನನ್ನು ಬೈದು ಸುಮ್ಮನಾಗುತ್ತಿದ್ದರು. ಆದರೆ ಮೇಸ್ತ್ರಿ ಮೇಸ್ತ್ರಿಯಂತೆಯೇ ಯೋಚಿಸಿದ. ಮೋಟರು ಸರಿಯಾಗಿ ಎಳೆಯದಿದ್ದರೆ ಏನು ಮಾಡಬೇಕು? ಸುತ್ತು ಹೆಚ್ಚಿಸಬೇಕು. ಹೆಚ್ಚಿಸಿದ. ಹುಳು ಹೆಚ್ಚಿನ ಸುತ್ತನ್ನೂ ಹತ್ತಿತು. ತಂತಿ ದಪ್ಪವಾಗಿರಬೇಕು. ದಪ್ಪ ತಂತಿ ತಂದ. ದಪ್ಪ ತಂತಿಯ ಮೇಲೆ ಹುಳಕ್ಕೆ ಕಾಲಿಡಲು, ಅದಕ್ಕೆ ಕಾಲಿಲ್ಲ, ಹೊಟ್ಟೆಯಿಡಲು ಇನ್ನೂ ಅನುಕೂಲವಾಯಿತು. ಸುತ್ತಿದ ದಿಕ್ಕು ತಪ್ಪಿರಬಹುದೇ? ಎಲ್ಲ ಬಿಚ್ಚಿ ಎಡದಿಂದ ಬಲಕ್ಕಿದ್ದದ್ದನ್ನು ಬಲದಿಂದ ಎಡಕ್ಕೆ ಸುತ್ತಿದ. ಸುತ್ತಿದಾಗಲೆಲ್ಲ ತಪ್ಪದೆ ವಾರ್ನಿಷ್ ಹೊಡೆದ. ಹುಳಕ್ಕೆ ಎಡವೂ ಒಂದೇ ಬಲವೂ ಒಂದೇ.

"ಏನ್ರೀ," ಎಂದಳು ಹೆಂಡತಿ ಊಟದ ಹೊತ್ತಿನಲ್ಲಿ, ಅಕ್ಕ ಮೇಲೆ ಹೋದ ಮೇಲೆ. "ಬಾಯಿ ಬಿಟ್ಟು 'ಇರು ಅಕ್ಕ' ಅನ್ನೋಕೆ ಎಷ್ಟು ಸುತ್ತು ಬೇಕು?"

"ನಾಳೆ ತಂತಿಯ ಗೇಜ್ ಬದಲಾಯಿಸಿ ನೋಡ್ತೀನಿ" ಎಂದ ಮೇಸ್ತ್ರಿ.

"ನಮ್ಮ ಕ್ಲಾಸಲ್ಲಿ ಮೂರು ವರ್ಷದ ಮಗು ಇದೆ. ನಿಮಗಿಂತ ಚೆನ್ನಾಗಿ ಮಾತಾಡುತ್ತೆ."

ಅಕ್ಕ ಮೊದಮೊದಲು ತಮಾಷೆ ಮಾಡುತ್ತಿದ್ದಳು. "ಹುಳಕ್ಕೆ ರೋಡು ಹಾಕ್ಕೊಟ್ಟಿದೀಯಲ್ಲೋ, ಟೋಲ್ ಆದ್ರೂ ವಸೂಲಿ ಮಾಡು" ಎನ್ನುತ್ತಿದ್ದಳು. ಆಮೇಲಾಮೇಲೆ ತಮಾಷೆ ನಿಂತಿತು. ಬೆಳಿಗ್ಗೆ ತಲೆ ಎಣಿಸುವುದೂ ನಿಂತಿತು. ಅಕ್ಕನ ಬಾಯಿ ಸುಮ್ಮನಾಯಿತೆಂದರೆ ಬಸ್ಸು ಡಿಪೋ ಸೇರಿತೆಂದೇ ಲೆಕ್ಕ. ಗೆಳತಿಗೆ ಫೋನ್ ಮಾಡಿ ಮಾತಾಡುವುದು ಮೆಟ್ಟಿಲವರೆಗೂ ಕೇಳಿಸುತ್ತಿತ್ತು. ಮೇಸ್ತ್ರಿಗೆ ಊಟ ಸೇರದೆ ಹೋಯಿತು. ಬೇಕರಿಯವನ ಹಿಟ್ಟು ನಾದುವ ಮೋಟರು ಅಂಗಡಿಗೆ ಬಂದಿತ್ತು. ಸುತ್ತುವುದೇನೋ ಸುತ್ತಿದ, ಆದರೆ ಒಂದು ಜೋಡಿ ತುದಿ ಹೊಸೆಯುತ್ತಿದ್ದಾಗ ಹಿತ್ತಲಿನಿಂದ ಅಕ್ಕನ "ಅಯ್ಯೋ, ಸೌತೇನೂ ಹಿಡಿದ್ವು!" ಎಂಬ ಕೂಗು ಕೇಳಿಸಿತು. ಎದ್ದು ಓಡಿದ. ವಾಪಸು ಬಂದು, ಹೊಸೆದ ತುದಿಗೆ ಕೊಳವೆ ತೊಡಿಸಿ, ಕಟ್ಟಿ, ಬಲ್ಬು ಹಚ್ಚಿ ಪರೀಕ್ಷೆ ಕೂಡ ಮಾಡದೆ ಕೊಟ್ಟು ಕಳಿಸಿದ.

ಹೊರಡುವ ದಿನ ಬಂದೇ ಬಂತು. ಬೆಳಿಗ್ಗೆ ಅಕ್ಕ ಟ್ರಂಕನ್ನು ತಾನೇ ಇಳಿಸಿಕೊಂಡು ಬಂದು ಅಂಗಡಿಯ ಬಾಗಿಲಲ್ಲಿ ಇಟ್ಟು, ಅದರ ಮೇಲೆ ಕುಳಿತಳು. ಹೆಂಡತಿ ದಾರಿಗೆಂದು ಬಾಟಲಿಗೆ ನೀರು ತುಂಬುತ್ತಿದ್ದಳು, ಅದೇ ಬಾಟಲಿಯನ್ನು ಮೂರನೆಯ ಸಲ. ಮೇಸ್ತ್ರಿ ಒಂದು ಸ್ಕ್ರೂಡ್ರೈವರ್ ಎತ್ತಿಕೊಳ್ಳುವುದು, ಇಡುವುದು ಮಾಡುತ್ತಿದ್ದ.

ಅಷ್ಟರಲ್ಲಿ ಬೇಕರಿಯವನು ಮೈಯೆಲ್ಲ ಹಿಟ್ಟು ಮಾಡಿಕೊಂಡು, ಮೋಟರನ್ನು ಮಗುವಿನ ಹಾಗೆ ಅಪ್ಪಿಕೊಂಡು ಬೀದಿ ದಾಟಿ ಬಂದ.

"ಏನ್ ಮೇಸ್ತ್ರಿ, ಕೈ ಕೊಟ್ಟುಬಿಟ್ರಲ್ಲ! ಸ್ವಿಚ್ ಹಾಕಿದ್ರೆ ಜಪ್ಪಯ್ಯ ಅಂದ್ರೂ ತಿರುಗಲ್ಲ. ಕೈಯಲ್ಲಿ ನಾದಿ ನಾದಿ ನನ್ ರಟ್ಟೆ ಬಿದ್ದುಹೋಗಿದೆ."

ಮೇಸ್ತ್ರಿ ನಂಬಲಿಲ್ಲ. ಅವನು ಸುತ್ತಿದ ಮೋಟರು ವಾಪಸು ಬಂದದ್ದೇ ಇಲ್ಲ. ಬಲ್ಬಿನ ತಂತಿ ಹಚ್ಚಿ ನೋಡಿದ, ಬಲ್ಬು ಹತ್ತಲಿಲ್ಲ. ಮತ್ತೆ ಹಚ್ಚಿದ. ಹತ್ತಲಿಲ್ಲ. ಸುತ್ತು ಸರಿ, ಎಲ್ಲೂ ತುಂಡಾಗಿಲ್ಲ.

"ಕೊಡಿಲ್ಲಿ" ಎಂದು ಅಕ್ಕ ಟ್ರಂಕಿನಿಂದ ಎದ್ದಳು. ಕನ್ನಡಕ ಏರಿಸಿ, ತುದಿಗಳ ಮೇಲಿನ ಕೊಳವೆಗಳನ್ನು ಒಂದೊಂದಾಗಿ ಸರಿಸಿದಳು. ಒಂದು ತುದಿಯ ಹತ್ತಿರ ಕೈ ನಿಂತಿತು. ಉಗುರಿನಿಂದ ಒಂದು ಸಲ ಗೀರಿದಳು.

"ಪುಟ್ಟಾ. ತುದಿ ಕೆರೆದೇ ಇಲ್ವಲ್ಲೋ."

"ಎಲ್ಲಿ?"

"ಇಲ್ಲಿ ನೋಡು. ಎನಾಮಲ್ ಹಾಗೇ ಇದೆ. ಕೆರೆಯದೆ ಕರೆಂಟ್ ಹೇಗೋ ದಾಟುತ್ತೆ? ನಿಮ್ಮ ಮುದುಕ ಮೇಸ್ತ್ರಿ ಇದ್ದಿದ್ರೆ ಈಗ ನಿನ್ ಕಿವಿ..."

ಮಾತು ಅಲ್ಲೇ ನಿಂತಿತು. ಅಕ್ಕ ತಮ್ಮನ ಮುಖ ನೋಡಿದಳು. ತಮ್ಮ ಅಕ್ಕನ ಮುಖ ನೋಡಿದ. ಇಬ್ಬರೂ ಒಟ್ಟಿಗೆ, ಅಡುಗೆಮನೆಯ ಬಾಗಿಲಿನಾಚೆ ಕಾಣುವ ಹಿತ್ತಲಿನ ಕಡೆ ತಿರುಗಿದರು. ಅಲ್ಲಿ ಡಬ್ಬಿ ಬಕೆಟ್ಟುಗಳೆಲ್ಲ ತಲೆಯಿಂದ ಕಾಲಿನವರೆಗೆ ಎನಾಮಲ್ ಹೊದ್ದು, ಮೇಲೆ ವಾರ್ನಿಷ್ ಬೇರೆ ಬಳಿದುಕೊಂಡು, ಮಿರಮಿರ ಮಿಂಚುತ್ತ ನಿಂತಿದ್ದವು. ಪಾಪ, ಹುಳುಗಳು ಇಷ್ಟು ದಿನ ತಾಮ್ರವನ್ನು ಮುಟ್ಟಿಯೇ ಇರಲಿಲ್ಲ!

ಮೊದಲು ನಕ್ಕವಳು ಅಕ್ಕ. ಬಾಯಿಗೆ ಸೆರಗು ಒತ್ತಿಕೊಂಡು ಶುರುಮಾಡಿದ ನಗು ಸೆರಗಿಗೆ ನಿಲ್ಲಲಿಲ್ಲ. ಬಸ್ಸಿನ ಹಿಂದಿನ ಸೀಟಿಗೂ ಕೇಳಿಸುವ ಗಂಟಲಿನಿಂದ, ಟ್ರಂಕಿನ ಮೇಲೆ ಬಿದ್ದು, ಹೊಟ್ಟೆ ಹಿಡಿದುಕೊಂಡು ನಕ್ಕಳು. "ವಾರ್ನಿಷ್! ವಾರ್ನಿಷ್ ಬೇರೆ ಹೊಡೆದಿದಾನೆ ಕಣ್ರೀ ಟೀಚರಮ್ಮ! ಹುಳಕ್ಕೆ ಶಾಕ್ ಹೊಡೀಬಾರ್ದು ಅಂತ ರೈನ್‌ಕೋಟ್ ಹಾಕಿದಾನೆ!" ಹೆಂಡತಿಯ ಕೈಯಿಂದ ಬಾಟಲಿ ಜಾರಿ ನೀರೆಲ್ಲ ಚೆಲ್ಲಿತು. ಬೇಕರಿಯವನಿಗೆ ಏನೂ ಅರ್ಥವಾಗದಿದ್ದರೂ, ಎಲ್ಲರೂ ನಗುವಾಗ ತಾನೊಬ್ಬ ಅಳುವುದೇಕೆಂದು ಅವನೂ ನಕ್ಕ. ಮೇಸ್ತ್ರಿ ಮಾತ್ರ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ. ಮೂವತ್ತು ವರ್ಷ ಕೆರೆಯದೆ ಒಂದು ತುದಿಯನ್ನೂ ಸೇರಿಸದವನು, ಅಕ್ಕನ ಸಸಿ ಕಾಯಲು ಹೋಗಿ ಕಸುಬಿನ ಮೊದಲ ಪಾಠವನ್ನೇ ನುಂಗಿ ನೀರು ಕುಡಿದಿದ್ದ. ಕೊನೆಗೆ ಅವನಿಗೂ ತಡೆಯಲಾಗಲಿಲ್ಲ.

ನಗು ನಿಂತ ಮೇಲೆ ಅಕ್ಕ ಕಣ್ಣೊರೆಸಿಕೊಂಡು ಮೊದಲು ಬೇಕರಿಯವನ ತುದಿ ಕೆರೆದು ಕೊಟ್ಟಳು. ಬಲ್ಬು ಹತ್ತಿತು. ಆಮೇಲೆ ಕೈ ಚಾಚಿ, "ಸ್ಯಾಂಡ್‌ಪೇಪರ್ ಇನ್ನೂ ಇದೆಯೇನೋ?" ಎಂದಳು.

"ಬಸ್ಸು?" ಎಂದ ಮೇಸ್ತ್ರಿ, ಬೇಡದ ಮಾತು ಮಾತ್ರ ಸಲೀಸಾಗಿ ಬರುವ ಆ ಹಾಳು ಬಾಯಿಂದ.

"ಬಸ್ಸು ದಿನಾ ಇರುತ್ತೆ. ಇಷ್ಟುದ್ದ ತಂತಿ ಯಾರು ಕೆರೀತಾರೆ? ನೀನು ಒಬ್ಬನೇ ಕೂತ್ರೆ ಮುಂದಿನ ಮಳೆಗಾಲ ಬರುತ್ತೆ."

ಅಂದಿನಿಂದ ಅಂಗಡಿಯ ಬಾಗಿಲಲ್ಲಿ ಒಂದು ಹೊಸ ಕಾರ್ಖಾನೆಯೇ ತೆರೆದಂತಾಯಿತು. ಡಬ್ಬಿಯಿಂದ ಬಿಚ್ಚಿದ ತಂತಿಯ ಒಂದು ತುದಿ ಕಿಟಕಿಯ ಸರಳಿಗೆ, ಇನ್ನೊಂದು ತಮ್ಮನ ಕೈಯಲ್ಲಿ. ನಡುವೆ ಟ್ರಂಕಿನ ಮೇಲೆ ಕುಳಿತ ಅಕ್ಕ ಸ್ಯಾಂಡ್‌ಪೇಪರ್ ಮಡಿಸಿ ತಂತಿಯನ್ನು ಅದರೊಳಗೆ ಹಿಡಿದು ಪರಪರ ಎಳೆಯುವಳು. ಮೊದಲು ವಾರ್ನಿಷ್, ಆಮೇಲೆ ಎನಾಮಲ್, ಕೊನೆಗೆ ಗುಲಾಬಿ ಬಣ್ಣದ ಹಸಿ ತಾಮ್ರ. ಕೈ ನಡೆಯುತ್ತಿದ್ದಂತೆ ಬಾಯಿಯೂ ನಡೆಯತೊಡಗಿತು. ಹಳೆಯ ಡ್ರೈವರುಗಳ ಕಥೆ, ಚಿಲ್ಲರೆ ಜಗಳಗಳ ಕಥೆ, ಬಸ್ಸಿನಲ್ಲೇ ಕುದುರಿ ಬಸ್ಸಿನಲ್ಲೇ ಮುರಿದ ಮದುವೆಯ ಕಥೆ. ಬೀದಿಯವರು ನಿಂತು ಕೇಳಿ ಹೋಗುವರು. ಸಂಜೆ ಹೆಂಡತಿ ಶಾಲೆಯಿಂದ ಬಂದು, "ಇವತ್ತಿನ ಹೋಂವರ್ಕ್ ಎಷ್ಟಾಯ್ತು?" ಎಂದು ವಿಚಾರಿಸುವಳು. ಬೇಕರಿಯವನು ಮುರಿದ ಬಿಸ್ಕತ್ತು ಕಳಿಸುವನು. ಮೇಸ್ತ್ರಿ ಇಡೀ ದಿನದಲ್ಲಿ ಹತ್ತು ಮಾತಾಡಿದರೆ ಹೆಚ್ಚು. ಆದರೆ ಊಟ ಮಾತ್ರ ಎರಡರಷ್ಟು ಸೇರುತ್ತಿತ್ತು.

ಹಸಿ ತಾಮ್ರ ಸುತ್ತಿದ ಮೊದಲ ಡಬ್ಬಿ ಹಿತ್ತಲಿಗೆ ಹೋಯಿತು. ಮರುದಿನ ಮೋಡ ಮುಚ್ಚಿದ ಬೆಳಿಗ್ಗೆ ಮೂವರೂ ಒಗೆಯುವ ಕಲ್ಲಿನ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು ಕಾದರು. ತಡವಾಗಿ ಎದ್ದ ಒಂದು ಹುಳು, ಬೆರಳುದ್ದದ ಠೊಣಪ, ಡಬ್ಬಿ ಹತ್ತುತ್ತಿತ್ತು. ಪಟ್ಟಿಯ ಹತ್ತಿರ ಬಂದು ಕೊಂಬು ಚಾಚಿತು. ತಾಮ್ರಕ್ಕೆ ತಾಗಿಸಿತು. ಥಟ್ಟನೆ ಹಿಂದಕ್ಕೆಳೆದುಕೊಂಡಿತು. ಸ್ವಲ್ಪ ಯೋಚಿಸಿತು. ಮತ್ತೊಮ್ಮೆ ಚಾಚಿ, ಮತ್ತೊಮ್ಮೆ ಎಳೆದುಕೊಂಡು, ನಿಧಾನವಾಗಿ ಮೈ ಹೊರಳಿಸಿ ಬಂದ ದಾರಿಗೆ ಸುಂಕವಿಲ್ಲವೆಂದು ಇಳಿಯತೊಡಗಿತು.

"ಸೀಟಿಲ್ಲ! ಹಿಂದಿನ ಬಸ್ಸಿಗೆ ಬಾ!" ಎಂದು ಅಕ್ಕ ಅರಚಿದ ರಭಸಕ್ಕೆ ಪಕ್ಕದ ಮನೆಯ ಕಿಟಕಿ ತೆರೆಯಿತು. ಹುಳು ತಾಮ್ರಕ್ಕೆ ಹೆದರಿತೋ ಅವಳ ಗಂಟಲಿಗೆ ಹೆದರಿತೋ, ಹುಳುವನ್ನೇ ಕೇಳಬೇಕು. ಅಕ್ಕ ಅದನ್ನು ಕಡ್ಡಿಯಿಂದ ಎತ್ತಿ, ಬೀದಿಯ ಕೊನೆಯ ಪೊದೆಗೆ ಬಿಟ್ಟುಬಂದಳು. ಬೇರೆ ಹುಳುಗಳಿಗೂ ಒಂದು ಉಪಾಯ ಮಾಡಿದಳು. ನೆಲಕ್ಕೆ ಒದ್ದೆ ಗೋಣಿ ಹಾಸಿಟ್ಟರೆ ಹಗಲು ನಿದ್ದೆಗೆ ಅದರಡಿ ಸೇರುತ್ತವೆ, ಬೆಳಿಗ್ಗೆ ಗೋಣಿ ಎತ್ತಿ ಒಟ್ಟಿಗೆ ಪೊದೆಗೆ ಸಾಗಿಸಬಹುದು. ಉಳಿದ ಸೌತೆ, ಕೋಸು ಚಿಗುರಿದವು. ಮೊಂಡಾಗಿದ್ದ ಬೀನ್ಸಿನಲ್ಲೂ ಒಂದೆರಡು ಕಣ್ಣೊಡೆದವು.

ಇತ್ತ ಮೇಸ್ತ್ರಿಗೆ ಒಳಗೊಳಗೇ ಕಸಿವಿಸಿ ಶುರುವಾಗಿತ್ತು. ಕೆರೆಯುವ ತಂತಿ ಕಡಿಮೆಯಾಗುತ್ತ ಬಂದಿತ್ತು. ಮುಗಿದ ಮೇಲೆ? ಟ್ರಂಕು ಇನ್ನೂ ಬಾಗಿಲಲ್ಲೇ ಇತ್ತು. ಅವನು ಎರಡು ಡಬ್ಬಿಗೆ ಬೇಕಿಲ್ಲದಿದ್ದರೂ ಪಟ್ಟಿಯನ್ನು ಅಗಲ ಮಾಡಿದ. ಇನ್ನೊಂದು ಗುಟ್ಟೂ ಅವನನ್ನು ಕೊರೆಯುತ್ತಿತ್ತು. ನಿಜ ಹೇಳಬೇಕೆಂದರೆ ಇಷ್ಟು ಕೆರೆಯುವ ಅಗತ್ಯವೇ ಇರಲಿಲ್ಲ. ತಂತಿಯ ಸುರುಳಿಗೆ ಬ್ಲೋ ಲ್ಯಾಂಪಿನ ಬೆಂಕಿ ಹಿಡಿದು, ನೀರಿಗದ್ದಿ, ಬಟ್ಟೆಯಲ್ಲಿ ಒರೆಸಿದರೆ ಎನಾಮಲ್ಲೂ ವಾರ್ನಿಷ್ಷೂ ಒಟ್ಟಿಗೆ ಹೋಗುತ್ತವೆ. ಹಳೆಯ ಸುರುಳಿಯಿಂದ ತಾಮ್ರ ಬಿಡಿಸುವಾಗ ಎಲ್ಲ ಮೇಸ್ತ್ರಿಗಳೂ ಮಾಡುವುದು ಅದನ್ನೇ. ಒಂದು ಮಧ್ಯಾಹ್ನದ ಕೆಲಸ. ಅಕ್ಕ ಸ್ಯಾಂಡ್‌ಪೇಪರ್ ಕೇಳಿದ ದಿನವೇ ಅವನು ಬ್ಲೋ ಲ್ಯಾಂಪನ್ನು ಗೋಣಿಚೀಲದಲ್ಲಿ ಸುತ್ತಿ ಕಪಾಟಿನ ಹಿಂದೆ ತಳ್ಳಿದ್ದ.

ಕೊನೆಯ ಡಬ್ಬಿಯ ದಿನ ಅಕ್ಕ ಬೇಗ ಎದ್ದಿದ್ದಳು. ಮೇಸ್ತ್ರಿ ಹಲ್ಲುಜ್ಜಿ ಅಂಗಡಿಗೆ ಬಂದಾಗ, ಹಿತ್ತಲಿಗೆ ಇನ್ನೊಂದು ಗೋಣಿ ಬೇಕೆಂದು ಕಪಾಟಿನ ಹಿಂದೆ ಕೈ ಹಾಕಿದ ಅಕ್ಕನ ಒಂದು ಕೈಯಲ್ಲಿ ಗೋಣಿ, ಇನ್ನೊಂದರಲ್ಲಿ ಬ್ಲೋ ಲ್ಯಾಂಪು.

"ನಿಮ್ಮ ಮುದುಕ ಮೇಸ್ತ್ರಿ ಹಳೇ ಕಾಯಿಲ್‌ಗೆ ಬೆಂಕಿ ಹಿಡಿಯೋದನ್ನ ಬಸ್ಸಿನ ಬಾಗಿಲಲ್ಲಿ ನಿಂತು ನಾನು ಎಷ್ಟು ಸಲ ನೋಡಿಲ್ಲ?" ಎಂದಳು ಅಕ್ಕ. "ನಂಗೆ ಗೊತ್ತಿಲ್ಲ ಅಂದ್ಕೊಂಡೆಯಾ?"

"ಮತ್ತೆ ಮೊದಲೇ ಯಾಕೆ ಹೇಳ್ಲಿಲ್ಲ?"

"ನೀನ್ಯಾಕೆ ಹೇಳ್ಲಿಲ್ಲ?"

ಇಬ್ಬರಿಗೂ ಉತ್ತರ ಗೊತ್ತಿತ್ತು. ಬೀದಿಯಲ್ಲಿ ಬೇಕರಿಯವನ ಯಂತ್ರ ಗುರ್ ಎಂದು ಹಿಟ್ಟು ನಾದುತ್ತಿತ್ತು. ಅಕ್ಕ ಗೋಣಿಯನ್ನು ಕೊಡವುವ ನೆಪದಲ್ಲಿ ಮುಖ ಆ ಕಡೆ ತಿರುಗಿಸಿದಳು.

"ಬಾಯಿ ಬಿಟ್ಟು ಒಂದೇ ಒಂದು ಸಲ 'ಇರು' ಅಂದಿದ್ರೆ ಸಾಕಿತ್ತಲ್ಲೋ."

"ಅಂದೆನಲ್ಲ ಅಕ್ಕ."

"ಯಾವಾಗ ಅಂದೆ?"

ಮೇಸ್ತ್ರಿ ಹಿತ್ತಲಿನ ಕಡೆ ಕೈ ತೋರಿಸಿದ. "ಸುತ್ತಿದ್ದೆನಲ್ಲ."

ಅಕ್ಕ ಬ್ಲೋ ಲ್ಯಾಂಪನ್ನು ಕಪಾಟಿನ ಮೇಲಿಟ್ಟು, ಬಾಗಿಲಲ್ಲಿದ್ದ ಟ್ರಂಕನ್ನು ಕಾಲಿನಿಂದ ಅವನತ್ತ ತಳ್ಳಿದಳು. ಅದು ಟಣ್ ಎಂದು ಸದ್ದು ಮಾಡುತ್ತ ಸಲೀಸಾಗಿ ಜಾರಿಬಂತು. ಮೇಸ್ತ್ರಿ ಮುಚ್ಚಳ ಎತ್ತಿ ನೋಡಿದ. ಒಳಗೆ ಏನೂ ಇರಲಿಲ್ಲ. ಮೇಲಿನ ಕೋಣೆಯಲ್ಲಿ ಹೆಂಡತಿ ಬೀರುವಿನ ಬಾಗಿಲು ಹಾಕಿದ ಸದ್ದು ಕೇಳಿಸಿತು.

"ಕೋಸಿಗೆ ಡಬ್ಬಿ ಸಾಲ್ತಾ ಇಲ್ಲ" ಎಂದಳು ಅಕ್ಕ. "ಇದರ ತಳಕ್ಕೆ ನಾಲ್ಕು ತೂತು ಕೊರೆದುಕೊಡು. ಮಣ್ಣು ನಾನು ತುಂಬಿಸ್ಕೋತೀನಿ. ಸುತ್ತ ತಂತಿ ನೀನೇ ಸುತ್ತು."

ಮೇಸ್ತ್ರಿ ಡ್ರಿಲ್ಲು ಹುಡುಕಲು ಬಗ್ಗಿದ. ಕಣ್ಣು ಮಂಜಾಗಿ ಎದುರಿಗಿದ್ದ ಡ್ರಿಲ್ಲೇ ಕಾಣಿಸಲೊಲ್ಲದು.

"ಮತ್ತೆ ಪುಟ್ಟಾ," ಹಿಂದಿನಿಂದ ಅಕ್ಕನ ದನಿ ಬಂತು, ಇಡೀ ಬೀದಿಗೆ ಕೇಳಿಸುವ ಹಾಗೆ, "ಈ ಸಲ ಕೆರೆದು ಸುತ್ತು!"